ಜೇನು ಸಂಶೋಧನೆಗೆ ಮೊದಲ ಅನುದಾನ: ಅರ್ಜಿ ಓದುವವರ ಕಣ್ಣಿಂದ

ಪ್ರಶ್ನೆ: ಕೀಟಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದೇನೆ. ಅಭಿವೃದ್ಧಿಶೀಲ ದೇಶಗಳಲ್ಲಿ ಜೇನು ಸಾಕಣೆ ಬಗ್ಗೆ ಕೆಲಸ ಮಾಡುವ ನನ್ನಂಥ ಹೊಸಬರಿಗೆ ಯಾವ ಸಂಶೋಧನಾ ಅನುದಾನಗಳಿವೆ? ಒಮ್ಮೆ ಅರ್ಜಿ ಹಾಕಿದ್ದೆ. ‘ವ್ಯಾಪ್ತಿ ತೀರಾ ದೊಡ್ಡದು, ಹೊಸತನ ಸ್ಪಷ್ಟವಿಲ್ಲ’ ಅಂತ ವಾಪಸ್ ಬಂತು. ಎಲ್ಲಿ ಎಡವಿರಬಹುದು? ಶ್ರೀಮಂತ ದೇಶದ ಲ್ಯಾಬ್ ಒಂದರ ಹೆಸರು ಜೊತೆಗಿಲ್ಲದಿದ್ದರೆ ಹಣ ಸಿಗುವುದೇ ಇಲ್ಲ ಅನ್ನುತ್ತಾರೆ, ನಿಜವಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಮಾತು ನಂಬಿ ಅರ್ಜಿಯನ್ನೇ ಹಾಕದೆ ಕೂತವರು ಬಹಳ ಜನ ಇದ್ದಾರೆ. ಅದು ನಿಜ ಅಲ್ಲ. ಹೊಸಬರಿಗೆಂದೇ ಇರುವ ಸಣ್ಣ ಅನುದಾನಗಳು ನಿಮ್ಮ ಹೆಸರಿನಲ್ಲಿ, ನಿಮ್ಮ ಸಂಸ್ಥೆಯಲ್ಲಿ ಮಾಡುವ ಕೆಲಸಕ್ಕೇ ಸಿಗುತ್ತವೆ. ದೊಡ್ಡ ಲ್ಯಾಬಿನ ಹೆಸರಿಂದ ಕೆಲವೊಮ್ಮೆ ನಷ್ಟವೂ ಆಗುತ್ತದೆ. ಯೋಚನೆ, ವಿಶ್ಲೇಷಣೆ ಎಲ್ಲ ಅಲ್ಲಿ, ನೀವು ಬರೀ ನೊಣ ಹಿಡಿದು ಕಳಿಸುವವರು ಅಂತ ಓದುವವರಿಗೆ ಅನಿಸಿಬಿಟ್ಟರೆ, ಈ ಹಣದಿಂದ ಬೆಳೆಯುವವರು ಯಾರು ಅಂತ ಅವರು ಕೇಳಿಯೇ ಕೇಳುತ್ತಾರೆ. ಸಣ್ಣ ಅನುದಾನಗಳ ಅರ್ಜಿ ಓದಿ ಅಂಕ ಕೊಡುವ ಕೆಲಸ ನಾನು ಮಾಡಿದ್ದೇನೆ. ಮೇಜಿನ ಆ ಬದಿಯಿಂದ ಏನು ಕಾಣುತ್ತದೆ ಅನ್ನುವುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು, ಕೊಡುವವರು ಯಾರು?

ಜೇನಿಗೆಂದೇ ಮೀಸಲಾದ ಹಣ ಕಡಿಮೆ. ಇರುವುದರಲ್ಲಿ ಬ್ರಿಟನ್ನಿನ ಈವಾ ಕ್ರೇನ್ ಟ್ರಸ್ಟ್ ಮುಖ್ಯವಾದದ್ದು. ಈವಾ ಕ್ರೇನ್ ಗಣಿತ, ಭೌತಶಾಸ್ತ್ರ ಓದಿದವರು. 1942ರಲ್ಲಿ ಮದುವೆಗೆ ಉಡುಗೊರೆಯಾಗಿ ಒಂದು ಜೇನು ಪೆಟ್ಟಿಗೆ ಬಂತು. ಅಲ್ಲಿಂದ ಅವರ ಬದುಕಿನ ದಿಕ್ಕೇ ಬದಲಾಯಿತು. 1949ರಲ್ಲಿ ಅವರು ಕಟ್ಟಿದ ಸಂಸ್ಥೆಯೇ ಇಂದಿನ ಇಂಟರ್‌ನ್ಯಾಷನಲ್ ಬೀ ರಿಸರ್ಚ್ ಅಸೋಸಿಯೇಷನ್. ಅವರ ಹೆಸರಿನ ಟ್ರಸ್ಟ್ ಜೇನು ವಿಜ್ಞಾನಕ್ಕೆ ಮಾತ್ರವಲ್ಲ, ಜೇನು ಸಾಕಣೆಯ ಚರಿತ್ರೆ, ಸಾಂಪ್ರದಾಯಿಕ ಪದ್ಧತಿಗಳ ದಾಖಲೀಕರಣಕ್ಕೂ ನೆರವು ಕೊಡುತ್ತದೆ. ಮರದ ಪೊಟರೆ, ಮಣ್ಣಿನ ಗಡಿಗೆ, ಹುಲ್ಲಿನ ಬುಟ್ಟಿಗಳಲ್ಲಿ ಜೇನು ಸಾಕುವವರ ಬಗ್ಗೆ ಕೆಲಸ ಮಾಡುವವರಿಗೆ ಇಂಥ ಜಾಗ ಬೇರೆ ಕಡೆ ಸಿಗುವುದು ಕಷ್ಟ.

ಹೊಸಬರ ಮೊದಲ ಅನುದಾನ ಹೇಗಿರಬೇಕು ಅಂತ ತೋರಿಸಿಕೊಟ್ಟದ್ದು ಇಂಟರ್‌ನ್ಯಾಷನಲ್ ಫೌಂಡೇಶನ್ ಫಾರ್ ಸೈನ್ಸ್. 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ಸಂಸ್ಥೆ ಅದು. ಅಭಿವೃದ್ಧಿಶೀಲ ದೇಶಗಳ ಯುವ ವಿಜ್ಞಾನಿಗಳಿಗೆ ಬಹುಕಾಲ ಗರಿಷ್ಠ 12,000 ಡಾಲರ್ ಕೊಡುತ್ತಿತ್ತು. ಆ ಹಣ ಅರ್ಜಿದಾರರ ಸಂಬಳಕ್ಕಲ್ಲ, ಉಪಕರಣ, ರಾಸಾಯನಿಕ, ಕ್ಷೇತ್ರದ ಓಡಾಟಕ್ಕೆ. ಈಗ ಅರ್ಜಿ ಕರೆದಿದ್ದಾರಾ ಅಂತ ನೋಡಿಕೊಂಡೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ಆ ಅಳತೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಹನ್ನೆರಡು ಸಾವಿರ ಡಾಲರಿನಲ್ಲಿ, ಒಬ್ಬ ಸಹಾಯಕನ ಜೊತೆ, ಎರಡು ಹೂಬಿಡುವ ಋತುಗಳಲ್ಲಿ ಮುಗಿಯುವ ಕೆಲಸ: ಮೊದಲ ಅರ್ಜಿಗೆ ಇಷ್ಟು ಸಾಕು.

ಇಟಲಿಯ ಟ್ರಿಯೆಸ್ಟೆಯಲ್ಲಿರುವ ವರ್ಲ್ಡ್ ಅಕಾಡೆಮಿ ಆಫ್ ಸೈನ್ಸಸ್ 1983ರಲ್ಲಿ ಅಬ್ದುಸ್ ಸಲಾಂ ಅವರ ನೇತೃತ್ವದಲ್ಲಿ ಹುಟ್ಟಿತು. ಟ್ವಾಸ್ ಅಂದರೆ ಎಲ್ಲರಿಗೂ ಗೊತ್ತು. ಅದರ ಮುಖ್ಯ ಸಂಶೋಧನಾ ಅನುದಾನ ಬಹುಕಾಲ ಮೂಲ ವಿಜ್ಞಾನಕ್ಕೆ. ಹಾಗಾಗಿ ‘ಜೇನಿನ ಇಳುವರಿ ಹೆಚ್ಚಿಸುವುದು’ ಅಂತ ಬರೆದರೆ ಅಲ್ಲಿ ಹೊಂದುವುದಿಲ್ಲ. ಅದೇ ಕೆಲಸದ ಹಿಂದಿರುವ ಜೀವಶಾಸ್ತ್ರದ ಪ್ರಶ್ನೆ ಹೊಂದುತ್ತದೆ. ಇನ್ನೊಂದು ವಿಷಯ, ಅದು ವಿಜ್ಞಾನದಲ್ಲಿ ಹಿಂದುಳಿದ ದೇಶಗಳ ಪಟ್ಟಿ ಇಟ್ಟುಕೊಂಡಿದೆ. ನಿಮ್ಮ ದೇಶ ಆ ಪಟ್ಟಿಯಲ್ಲಿದೆಯಾ ಅಂತ ಮೊದಲೇ ನೋಡಿ. ನೀವು ಮಹಿಳೆಯಾಗಿದ್ದರೆ ಅದೇ ಊರಿನ, ಅಭಿವೃದ್ಧಿಶೀಲ ದೇಶಗಳ ಮಹಿಳಾ ವಿಜ್ಞಾನಿಗಳ ಓಡಬ್ಲ್ಯುಎಸ್‌ಡಿ ಸಂಸ್ಥೆಯ ಅರ್ಲಿ ಕರಿಯರ್ ಫೆಲೋಶಿಪ್ ಗಮನಿಸಿ. 2018ರಲ್ಲಿ ಕೆನಡಾದ ಸರ್ಕಾರಿ ಸಂಶೋಧನಾ ನೆರವು ಸಂಸ್ಥೆ ಐಡಿಆರ್‌ಸಿ ಹಣದಿಂದ ಶುರುವಾದದ್ದು, ಗರಿಷ್ಠ 50,000 ಡಾಲರ್. ಕೆಲಸ ನಡೆಯಬೇಕಾದದ್ದು ನಿಮ್ಮ ದೇಶದ ಸಂಸ್ಥೆಯಲ್ಲೇ. ಅಲ್ಲೂ ದೇಶಗಳ ಪಟ್ಟಿ ಇದೆ.

ಕಾಡಿನ ಜೇನು, ಮುಜಂಟಿ, ಒಂಟಿ ನೊಣಗಳ ಉಳಿವಿನ ಬಗ್ಗೆ ನಿಮ್ಮ ಕೆಲಸವಿದ್ದರೆ ಬ್ರಿಟನ್ನಿನ ರಫರ್ಡ್ ಫೌಂಡೇಶನ್ ಒಳ್ಳೆಯ ಬಾಗಿಲು. ಸಣ್ಣ ಮೊತ್ತದಿಂದ ಶುರುಮಾಡಿ, ಮಾಡಿ ತೋರಿಸಿದವರಿಗೆ ಮುಂದಿನ ಹಂತ ಕೊಡುತ್ತಾರೆ. ಅದು ಸಂರಕ್ಷಣೆಗೆ ಮಾತ್ರ. ಪೆಟ್ಟಿಗೆ ಜೇನಿನ ಇಳುವರಿ ಯೋಜನೆಗೆ ಸಂರಕ್ಷಣೆಯ ಹೆಸರು ಅಂಟಿಸಿ ಕಳಿಸಬೇಡಿ, ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಆಫ್ರಿಕಾದವರಿಗೆ ನೈರೋಬಿಯ ಕೀಟ ಸಂಶೋಧನಾ ಕೇಂದ್ರ ಇಸಿಪೆ ಇದೆ. 2014ರಲ್ಲಿ ಅಲ್ಲಿ ಜೇನಿನ ಆರೋಗ್ಯಕ್ಕೆಂದೇ ಒಂದು ಉಲ್ಲೇಖ ಪ್ರಯೋಗಾಲಯ ಶುರುವಾಯಿತು. ಕೆಲವು ಕಾಲ ಹೊರಗೆ ಹೋಗಿ ಕಲಿಯಬೇಕು ಅಂದರೆ ಜರ್ಮನಿಯ ಹಂಬೋಲ್ಟ್ ಫೌಂಡೇಶನ್ನಿನ ಗಿಯೋರ್ಗ್ ಫಾರ್‌ಸ್ಟರ್ ಫೆಲೋಶಿಪ್ ಅಭಿವೃದ್ಧಿಶೀಲ ದೇಶಗಳ ಸಂಶೋಧಕರಿಗೆಂದೇ ಇರುವಂಥದ್ದು. ವಯಸ್ಸು, ಪಿಎಚ್‌ಡಿ ಆದ ವರ್ಷ, ದೇಶ: ಈ ಮೂರರ ಷರತ್ತುಗಳು ಕರೆಯಿಂದ ಕರೆಗೆ ಬದಲಾಗುತ್ತವೆ. ಹಳೆಯ ಪಟ್ಟಿ ನಂಬಿ ತಿಂಗಳುಗಟ್ಟಲೆ ಬರೆಯಬೇಡಿ. ಮೊದಲು ಈ ಸಲದ ಪ್ರಕಟಣೆ ಓದಿ.

ಇನ್ನು ನಿಮ್ಮ ಅರ್ಜಿ. ‘ವ್ಯಾಪ್ತಿ ದೊಡ್ಡದು’ ಮತ್ತು ‘ಹೊಸತನ ಸ್ಪಷ್ಟವಿಲ್ಲ’ ಎರಡು ಬೇರೆ ತಕರಾರುಗಳ ಹಾಗೆ ಕಾಣುತ್ತವೆ. ಬಹುತೇಕ ಸಲ ಎರಡೂ ಒಂದೇ. ನೊಣದ ರೋಗ, ಪರಾಗಸ್ಪರ್ಶ, ಕೀಟನಾಶಕ, ಜೇನಿನ ಗುಣಮಟ್ಟ ಎಲ್ಲವನ್ನೂ ಒಂದೇ ಅರ್ಜಿಗೆ ತುಂಬಿದಾಗ, ನಿಮ್ಮದೇ ಅನ್ನುವ ಪ್ರಶ್ನೆ ಅದರೊಳಗೆ ಮುಳುಗಿ ಹೋಗುತ್ತದೆ.

ಶುರುವಿನ ಪ್ಯಾರಾದಲ್ಲೇ ಇದು ಗೊತ್ತಾಗುತ್ತದೆ. ನಾನು ಓದಿದ ಅರ್ಜಿಗಳಲ್ಲಿ ಎಷ್ಟೋ ಶುರುವಾಗುವುದು ಐನ್‌ಸ್ಟೈನ್ ಹೇಳಿದರಂತೆ ಅನ್ನುವ ಮಾತಿನಿಂದ: ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. ಇನ್ನು ಕೆಲವು 2006ರಲ್ಲಿ ಅಮೆರಿಕದಲ್ಲಿ ಸುದ್ದಿಯಾದ, ಕೆಲಸಗಾರ ನೊಣಗಳು ಗೂಡು ಬಿಟ್ಟು ಮಾಯವಾಗುವ ಕಾಲೊನಿ ಕೊಲ್ಯಾಪ್ಸ್‌ನಿಂದ ಶುರುವಾಗುತ್ತವೆ. ಅರ್ಜಿದಾರರ ದೇಶದಲ್ಲಿ ಹಾಗೇನೂ ಆಗಿರುವುದಿಲ್ಲ. ಮೂರನೆಯದು, ಜಗತ್ತಿನ ಆಹಾರದಲ್ಲಿ ಮೂರನೇ ಒಂದು ಭಾಗ ಜೇನಿನಿಂದ ಬರುತ್ತದೆ ಅನ್ನುವ ವಾಕ್ಯ. ಜೀವವೈವಿಧ್ಯದ ಅಂತರರಾಷ್ಟ್ರೀಯ ವಿಜ್ಞಾನ ವೇದಿಕೆ ಐಪಿಬಿಇಎಸ್‌ನ 2016ರ ವರದಿ ಇದನ್ನು ಎಚ್ಚರದಿಂದ ಬಿಡಿಸಿ ಹೇಳಿದೆ. ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಸ್ವಲ್ಪವಾದರೂ ಪ್ರಾಣಿಗಳ ಪರಾಗಸ್ಪರ್ಶ ಅವಲಂಬಿಸಿವೆ. ಆದರೆ ನೇರವಾಗಿ ಅದರಿಂದಲೇ ಬರುವುದು ಒಟ್ಟು ಉತ್ಪಾದನೆಯ 5ರಿಂದ 8 ಶೇಕಡಾ. ಅದೂ ಜೇನುನೊಣ ಒಂದರಿಂದಲ್ಲ, ಎಲ್ಲ ಪರಾಗಸ್ಪರ್ಶಕಗಳು ಸೇರಿ. ಈ ವ್ಯತ್ಯಾಸ ತಿಳಿದು ಬರೆದವರನ್ನು ಓದುವವರು ಅಲ್ಲೇ ಗುರುತಿಸುತ್ತಾರೆ.

ಹೊಸತನಕ್ಕಾಗಿ ದೂರ ಹೋಗಬೇಕಾಗಿಲ್ಲ. ಜೇನು ವಿಜ್ಞಾನದ ಬಹುಪಾಲು ಒಂದೇ ಜಾತಿಯ ಮೇಲೆ, ಅದೂ ಚಳಿ ದೇಶಗಳಲ್ಲಿ ನಡೆದದ್ದು: ಏಪಿಸ್ ಮೆಲ್ಲಿಫೆರಾ, ಅಂದರೆ ಪಾಶ್ಚಾತ್ಯ ಜೇನುನೊಣ. ತುಡುವೆ, ಹೆಜ್ಜೇನು, ಕೋಲುಜೇನು ಸೇರಿದಂತೆ ಉಳಿದ ಏಪಿಸ್ ಜಾತಿಗಳ ತವರು ಏಷ್ಯಾ. ಮುಜಂಟಿಯಂಥ ಕೊಂಡಿಯಿಲ್ಲದ ಜೇನುಗಳು 500ಕ್ಕೂ ಹೆಚ್ಚು ಜಾತಿ ಇವೆ, ಎಲ್ಲ ಉಷ್ಣವಲಯದ ಸುತ್ತಮುತ್ತ. ರೋಗ, ಪರಾವಲಂಬಿಗಳ ಕತೆಯೂ ಹೀಗೇ. ಮೆಲ್ಲಿಫೆರಾ ಕುಟುಂಬಗಳನ್ನು (ಒಂದು ಗೂಡಿನ ನೊಣಗಳೆಲ್ಲ ಸೇರಿ ಒಂದು ಕುಟುಂಬ) ಮುಗಿಸುವ ವರೋವಾ ನುಸಿಯ ಮೂಲ ಆಶ್ರಯ ತುಡುವೆ ಜೇನು. ಅಲ್ಲಿ ಅದು ಸಾಮಾನ್ಯವಾಗಿ ಕುಟುಂಬವನ್ನು ಕೊಲ್ಲುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡು ಕಾಟ ಕೊಟ್ಟ ಸಣ್ಣ ಗೂಡುಜೀರುಂಡೆ ಸಹಾರಾದ ದಕ್ಷಿಣದ ಆಫ್ರಿಕಾದ್ದು. ಅಲ್ಲಿನ ಗಟ್ಟಿ ಕುಟುಂಬಗಳು ಅದನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಶ್ರೀಮಂತ ಲ್ಯಾಬುಗಳು ಎಷ್ಟು ಹಣ ಸುರಿದರೂ ಈ ಹಳೆಯ ನಂಟುಗಳನ್ನು ತಮ್ಮ ಹಿತ್ತಲಲ್ಲಿ ನೋಡಲಾರವು. ನಿಮ್ಮ ಅರ್ಜಿಯ ಹೊಸತನ ಇಲ್ಲಿಂದ ಬರಬೇಕು.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ತುಡುವೆ ಸಾಕುವವರ ದೊಡ್ಡ ತಲೆನೋವು ಕುಟುಂಬ ಪರಾರಿಯಾಗುವುದು. ಹೂವಿಲ್ಲದ ತಿಂಗಳುಗಳಲ್ಲಿ ಒಂದು ದಿನ ನೋಡಿದರೆ ಪೆಟ್ಟಿಗೆ ಖಾಲಿ. ‘ಹೂವಿಲ್ಲದ ಕಾಲದಲ್ಲಿ ಸಕ್ಕರೆ ಪಾನಕ ಕೊಟ್ಟರೆ ಪರಾರಿ ಕಡಿಮೆಯಾಗುತ್ತದಾ?’ ಇದು ಸಣ್ಣ ಪ್ರಶ್ನೆ. ಉತ್ತರ ಹೌದು ಅಂತ ಬಂದರೂ ಉಪಯೋಗ, ಇಲ್ಲ ಅಂತ ಬಂದರೂ ಉಪಯೋಗ. ಇಲ್ಲ ಅಂದರೆ ಸಕ್ಕರೆಗೆ ಹಾಕುವ ದುಡ್ಡಾದರೂ ಉಳಿಯುತ್ತದೆ, ಅಲ್ವಾ? ಎರಡೂ ಉತ್ತರ ಬೆಲೆಬಾಳುವಂಥ ಪ್ರಶ್ನೆ ಸಿಕ್ಕಿತು ಅಂದರೆ ಅರ್ಜಿಯ ಅರ್ಧ ಕೆಲಸ ಮುಗಿಯಿತು.

ಈಗ ವಿನ್ಯಾಸ. ಐದು ಜಾಗ, ಪ್ರತಿ ಜಾಗದಲ್ಲಿ ಎಂಟು ಕುಟುಂಬ, ನಾಲ್ಕಕ್ಕೆ ಪಾನಕ, ನಾಲ್ಕಕ್ಕೆ ಇಲ್ಲ. ಒಟ್ಟು ನಲವತ್ತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಜೇನು ಸಾಕಿದವರು ಇದನ್ನು ಓದಿದ ತಕ್ಷಣ ಕೇಳುತ್ತಾರೆ: ಹೂವಿಲ್ಲದ ಕಾಲದಲ್ಲಿ ಪಕ್ಕದ ಪೆಟ್ಟಿಗೆಗೆ ಪಾನಕ ಇಟ್ಟರೆ ಕಳ್ಳತನ ಶುರುವಾಗುವುದಿಲ್ಲವಾ? ಆಗುತ್ತದೆ. ಹಸಿದ ಕುಟುಂಬದ ನೊಣಗಳು ಪಾನಕದ ವಾಸನೆ ಹಿಡಿದು ನುಗ್ಗುತ್ತವೆ. ಪಾನಕ ಇಲ್ಲದ ಗುಂಪಿಗೂ ಪಾನಕ ಸಿಕ್ಕಂತಾಯಿತು, ಇದ್ದ ಗುಂಪು ದಾಳಿಯಿಂದಲೇ ಓಡಿಹೋಯಿತು. ಪ್ರಯೋಗ ಕೆಟ್ಟಿತು. ಹಾಗಾದರೆ ಒಂದು ಜಾಗಕ್ಕೆಲ್ಲ ಪಾನಕ, ಇನ್ನೊಂದಕ್ಕೆ ಇಲ್ಲ ಅಂತ ಮಾಡಬಹುದು. ಆಗ ಎಣಿಕೆಗೆ ಬರುವುದು ಪೆಟ್ಟಿಗೆಗಳಲ್ಲ, ಜಾಗಗಳು. ಐದು ಜಾಗದಿಂದ ಏನೂ ಹೇಳಲಾಗುವುದಿಲ್ಲ. ಅದಕ್ಕೆ ಸಂಜೆ ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಪಾನಕ ಇಡುವುದು, ಬಾಗಿಲು ಕಿರಿದು ಮಾಡುವುದು, ಕಳ್ಳತನ ಕಂಡರೆ ದಾಖಲಿಸುವುದು, ಅಂಥ ಪೆಟ್ಟಿಗೆಗಳನ್ನು ವಿಶ್ಲೇಷಣೆಯಲ್ಲಿ ಹೇಗೆ ನೋಡಿಕೊಳ್ಳುತ್ತೀರಿ ಅಂತ ಮೊದಲೇ ಬರೆಯುವುದು. ಈ ನಾಲ್ಕು ಸಾಲು ಅರ್ಜಿಯಲ್ಲಿದ್ದರೆ, ಬರೆದವರು ಪೆಟ್ಟಿಗೆ ತೆರೆದು ನೋಡಿದವರು ಅಂತ ಓದುವವರಿಗೆ ಖಚಿತವಾಗುತ್ತದೆ. ನನ್ನ ಮಟ್ಟಿಗೆ ಹತ್ತು ಪುಟದ ಸಾಹಿತ್ಯ ವಿಮರ್ಶೆಗಿಂತ ಈ ನಾಲ್ಕು ಸಾಲಿನ ತೂಕ ಜಾಸ್ತಿ.

ಎಣಿಕೆಯ ವಿಷಯ ಬಂತು, ಇನ್ನೊಂದು ಮಾತು. ಆರು ಪೆಟ್ಟಿಗೆಯಿಂದ ಐವತ್ತೈವತ್ತು ನೊಣ ತೆಗೆದು ಮಾದರಿಗಳು ಮುನ್ನೂರು ಅಂತ ಬರೆಯುತ್ತಾರೆ. ಚಿಕಿತ್ಸೆ ಕೊಟ್ಟದ್ದು ಪೆಟ್ಟಿಗೆಗೆ, ಹಾಗಾಗಿ ಲೆಕ್ಕ ಆರೇ. ಒಂದೇ ಕುಟುಂಬದ ನೊಣಗಳು ಒಂದೇ ತಾಯಿಯ ಮಕ್ಕಳು, ಒಂದೇ ಆಹಾರ ತಿಂದವು. ಸಂಖ್ಯಾಶಾಸ್ತ್ರ ಬಲ್ಲ ಒಬ್ಬ ಸಹೋದ್ಯೋಗಿಗೆ ಅರ್ಜಿ ಕಳಿಸುವ ಮೊದಲೇ ಇದನ್ನು ತೋರಿಸಿ, ಡೇಟಾ ಬಂದ ಮೇಲೆ ಅಲ್ಲ.

ವಿಧಾನಗಳಿಗೆ ಜೇನು ಸಂಶೋಧಕರ ಅಂತರರಾಷ್ಟ್ರೀಯ ಜಾಲ ಕೋಲಾಸ್‌ನವರ ಕೈಪಿಡಿ ಬೀಬುಕ್ ಇದೆ. 2013ರಿಂದ ಬಂದ ಈ ಸಂಪುಟಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ಪ್ರಮಾಣಿತ ವಿಧಾನ ಹೇಳಿದರೆ ಅರ್ಜಿಗೆ ಬಲ. ಆದರೆ ಕಣ್ಣುಮುಚ್ಚಿ ನಕಲು ಮಾಡಬೇಡಿ. ವರೋವಾ ಎಣಿಸುವ ಆಲ್ಕೋಹಾಲ್ ತೊಳೆತವನ್ನೇ ತೆಗೆದುಕೊಳ್ಳಿ. ಮರಿ ಇರುವ ಎರಿಯಿಂದ, ರಾಣಿ ಇಲ್ಲ ಅಂತ ನೋಡಿಕೊಂಡು, ಅರ್ಧ ಕಪ್ ನೊಣ ಅಂದರೆ ಸುಮಾರು 300 ನೊಣ ಆಲ್ಕೋಹಾಲಿಗೆ ಹಾಕಿ ಅಲುಗಾಡಿಸುತ್ತೀರಿ. ಉದುರಿದ ನುಸಿ ಎಣಿಸಿ ನೊಣಗಳ ಸಂಖ್ಯೆಯಿಂದ ಭಾಗಿಸುತ್ತೀರಿ. ಮೆಲ್ಲಿಫೆರಾದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ತುಡುವೆಯಲ್ಲಿ ನುಸಿ ಮರಿಮಾಡುವುದು ಹೆಚ್ಚಾಗಿ ಗಂಡುನೊಣದ ಕೋಶಗಳಲ್ಲಿ. ಬೆಳೆದ ನೊಣಗಳನ್ನು ತೊಳೆದು ‘ನುಸಿ ಇಲ್ಲ’ ಅಂದರೆ ಅರ್ಧ ಸತ್ಯ. ಗಂಡು ಮರಿಗಳು ಇರುವ ಋತುವಿನಲ್ಲಿ ಆ ಕೋಶಗಳನ್ನೇ ತೆರೆದು ನೋಡಬೇಕು. ಕುಟುಂಬವೂ ಚಿಕ್ಕದು, ತಿಂಗಳು ತಿಂಗಳು 300 ನೊಣ ಕೊಂದರೆ ಅದಕ್ಕೆ ಪೆಟ್ಟು ಬೀಳುತ್ತದೆ. ಇಷ್ಟು ಯೋಚಿಸಿ ವಿಧಾನ ಬದಲಿಸಿದ್ದೇನೆ ಅಂತ ಬರೆಯುವುದೂ ಹೊಸತನವೇ.

ಬಜೆಟ್ ಪುಟವನ್ನು ಅನುಭವಸ್ಥರು ಮೊದಲು ಓದುತ್ತಾರೆ. ಹೊಸಬರ ಅರ್ಜಿಯಲ್ಲಿ ದೊಡ್ಡ ಮೊತ್ತ ಪಿಸಿಆರ್ ಯಂತ್ರ, ಲ್ಯಾಪ್‌ಟಾಪ್, ಸಮ್ಮೇಳನದ ವಿಮಾನ ಟಿಕೆಟ್‌ಗೆ ಇರುತ್ತದೆ. ನೊಣದ ಹತ್ತಿರ ಹೋಗುವುದಕ್ಕೆ ಹಣವೇ ಇರುವುದಿಲ್ಲ. ಮೇಲಿನ ಪಾನಕದ ಪ್ರಯೋಗಕ್ಕೆ ಬೇಕಾದದ್ದು ನೇತುಹಾಕುವ ತಕ್ಕಡಿ, ಮರಿಯ ಜಾಗ ಅಳೆಯಲು ಚೌಕುಳಿ ಜಾಲರಿ, ರಕ್ಷಣೆಯ ಬಟ್ಟೆ, ಸಕ್ಕರೆ, ವಾರ ವಾರ ಐದು ಜಾಗ ಸುತ್ತುವ ಸಾರಿಗೆ, ಸಹಾಯಕರ ಕೂಲಿ. ಜೊತೆಗೆ ಮರೆತುಹೋಗುವ ಕೆಲವು ವೆಚ್ಚಗಳಿವೆ. ಶುರುವಿನಲ್ಲೇ ಪರಾರಿಯಾಗುವ ಕುಟುಂಬಗಳ ಬದಲಿಗೆ ಹೆಚ್ಚುವರಿ ಕುಟುಂಬಗಳು. ಹೊರಗಿನಿಂದ ತರಿಸುವ ರಾಸಾಯನಿಕಕ್ಕೆ ಸುಂಕ, ಸಾಗಣೆ, ಅದು ಬಂದು ಸೇರುವ ತಿಂಗಳುಗಳು. ಕಚ್ಚಿಸಿಕೊಂಡು ಅಲರ್ಜಿಯಾದವರಿಗೆ ತುರ್ತು ಔಷಧ. ವೈರಸ್ ನೋಡುತ್ತೀರಾದರೆ ಶೀತಲ ಸಂಗ್ರಹ: ಡಿಎನ್‌ಎಗೆ ಗಾಢ ಆಲ್ಕೋಹಾಲ್ ಸಾಕು, ಆದರೆ ಜೇನಿನ ಮುಖ್ಯ ವೈರಸ್‌ಗಳೆಲ್ಲ ಆರ್‌ಎನ್‌ಎ, ಬೇಗ ಹಾಳಾಗುತ್ತದೆ. ಕರೆಂಟ್ ಹೋದರೆ ಮೈನಸ್ 80 ಡಿಗ್ರಿ ಫ್ರೀಜರ್ ಏನಾಗುತ್ತದೆ ಅಂತ ನಾನಂತೂ ತಪ್ಪದೆ ಕೇಳುತ್ತೇನೆ.

ವೇಳಾಪಟ್ಟಿ ಹೂವಿನ ಲೆಕ್ಕದಲ್ಲಿರಲಿ. ಹಣ ಬರುವುದು ಕೊಡುವವರ ಆರ್ಥಿಕ ವರ್ಷದ ಪ್ರಕಾರ. ಮಂಜೂರಾಗಿ, ಒಪ್ಪಂದಕ್ಕೆ ಸಹಿಯಾಗಿ, ವಿಶ್ವವಿದ್ಯಾಲಯದ ಖಾತೆಗೆ ಬಂದು, ಅಲ್ಲಿಂದ ನಿಮ್ಮ ಕೈಗೆ ಬರುವಷ್ಟರಲ್ಲಿ ಒಂದು ಋತು ಜಾರಿ ಹೋಗಬಹುದು. ಆ ಸಮಯಕ್ಕೆ ಏನು ಮಾಡುತ್ತೀರಿ ಅಂತಲೂ ಬರೆಯಿರಿ. ಸಂದರ್ಶನ, ಜಾಗ ಹುಡುಕುವುದು, ಸಹಾಯಕರ ತರಬೇತಿ, ಇಂಥದ್ದು.

ಪರವಾನಗಿಯನ್ನು ಕೊನೆಗೆ ಬಿಡಬೇಡಿ. ಜೈವಿಕ ಸಂಪನ್ಮೂಲದ ಬಳಕೆ, ಅದರ ಲಾಭ ಹಂಚಿಕೆಯ ನಗೋಯಾ ಒಪ್ಪಂದ 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ ಜೈವಿಕ ಮಾದರಿಗಳನ್ನು ಗಡಿ ದಾಟಿಸುವುದು ಸುಮ್ನೆ ಕೊರಿಯರ್ ಮಾಡುವ ಕೆಲಸವಾಗಿ ಉಳಿದಿಲ್ಲ. ಜೇನುನೊಣವೂ ಜೈವಿಕ ಸಂಪನ್ಮೂಲವೇ. ಹೊರದೇಶದ ಲ್ಯಾಬಿಗೆ ಮಾದರಿ ಕಳಿಸುವ ಯೋಚನೆ ಇದ್ದರೆ ಅನುಮತಿ ಪಡೆಯುವ ತಿಂಗಳುಗಳನ್ನೂ ಯೋಜನೆಯಲ್ಲಿ ತೋರಿಸಿ.

ಇಲ್ಲಿಗೆ ನಿಮ್ಮ ವಿದೇಶಿ ಲ್ಯಾಬಿನ ಪ್ರಶ್ನೆ ಮತ್ತೆ ಬರುತ್ತದೆ. ಸಹಭಾಗಿ ಬೇಡ ಅಂತ ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಇಲ್ಲದ ಒಂದು ನಿರ್ದಿಷ್ಟ ಕೌಶಲಕ್ಕೆ ಸಹಭಾಗಿ ಬೇಕು. ಮೇಣದಲ್ಲಿ ಉಳಿದ ಕೀಟನಾಶಕದ ಪರೀಕ್ಷೆ, ವೈರಸ್‌ನ ಸೀಕ್ವೆನ್ಸಿಂಗ್, ಇಂಥದ್ದಕ್ಕೆ. ಅವರು ಏನು ಮಾಡುತ್ತಾರೆ, ನೀವು ಅದನ್ನು ಕಲಿಯುವುದು ಹೇಗೆ, ಡೇಟಾ ಯಾರ ಬಳಿ ಇರುತ್ತದೆ, ಪ್ರಬಂಧದಲ್ಲಿ ಮೊದಲ ಹೆಸರು ಯಾರದು: ಇವನ್ನೆಲ್ಲ ಬರಹದಲ್ಲಿ ತೆಗೆದುಕೊಳ್ಳಿ. ಅದೇ ಕೌಶಲ ನೆರೆಯ ದೇಶದ ಲ್ಯಾಬಿನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಅವರ ಜೇನೂ ನಿಮ್ಮ ಜೇನೂ ಒಂದೇ ಆಗಿರುವ ಸಾಧ್ಯತೆ ಜಾಸ್ತಿ.

ಜೇನು ಸಾಕುವವರ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ‘ಫಲಾನುಭವಿಗಳು’ ಅಂತ ಒಂದು ಪದ ಬರೆದು ಕೈತೊಳೆದುಕೊಳ್ಳುವ ಅರ್ಜಿಗಳು ನನಗೆ ಬೇಸರ ತರಿಸುತ್ತವೆ. ನಿಮ್ಮ ಪ್ರಯೋಗ ನಡೆಯುವುದು ಅವರ ಪೆಟ್ಟಿಗೆಗಳಲ್ಲಿ. ವಾರ ವಾರ ಪೆಟ್ಟಿಗೆ ತೆರೆದರೆ ಅವರ ಜೇನು ಕಡಿಮೆಯಾಗುತ್ತದೆ. ಪಾನಕ ಕೊಡದ ಗುಂಪಿನ ಕುಟುಂಬ ಹೋದರೆ ಹೋದದ್ದು ಅವರದು. ಆ ನಷ್ಟ ತುಂಬಿಕೊಡುವ ಸಾಲು ಬಜೆಟ್‌ನಲ್ಲಿ ಇರಲೇಬೇಕು. ಒಪ್ಪಿಗೆ ಕೇಳುವಾಗ ಈ ಅಪಾಯವನ್ನೂ ಹೇಳಬೇಕು. ಅರ್ಜಿ ಬರೆಯುವ ಮೊದಲೇ ಅವರ ಜೊತೆ ಕೂತು ಮಾತಾಡಿ. ಯಾವ ತಿಂಗಳು ಪರಾರಿ ಜಾಸ್ತಿ, ಯಾವ ಗಿಡ ಹೂಬಿಟ್ಟರೆ ನಿಲ್ಲುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಎಷ್ಟೋ ಒಳ್ಳೆಯ ಪ್ರಶ್ನೆಗಳು ಹುಟ್ಟುವುದೇ ಅಲ್ಲಿ.

ಪ್ರಯೋಗಕ್ಕಿಂತ ಕಡಿಮೆ ಖರ್ಚಿನ ದಾರಿ ಬೇಕು ಅಂದರೆ ಕೊಂಡಿಯಿಲ್ಲದ ಜೇನಿನ ತುಪ್ಪದ ಕಡೆ ನೋಡಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಜೇನುತುಪ್ಪದ ನೀರಿನಂಶಕ್ಕೆ ಸಾಮಾನ್ಯವಾಗಿ 20 ಶೇಕಡಾ ಮಿತಿ ಹಾಕಿದೆ. ಅದು ಏಪಿಸ್ ಜೇನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಮುಜಂಟಿ ತುಪ್ಪದಲ್ಲಿ ಸಹಜವಾಗಿಯೇ ನೀರು ಇದಕ್ಕಿಂತ ಜಾಸ್ತಿ. ಅಪ್ಪಟ ತುಪ್ಪವೂ ಕಾಗದದ ಮೇಲೆ ಕಲಬೆರಕೆಯಂತೆ ಕಾಣುತ್ತದೆ. ನೀರಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್, ಪಿಎಚ್ ಮೀಟರ್, ಪರಾಗ ನೋಡಲು ಸೂಕ್ಷ್ಮದರ್ಶಕ ಇದ್ದರೆ ಒಂದು ಪ್ರದೇಶದ ತುಪ್ಪದ ಸ್ವಭಾವವನ್ನು ಋತುವಾರು ದಾಖಲಿಸಬಹುದು. ಮುಂದೆ ಮಾನದಂಡ ಬರೆಯುವವರಿಗೆ ಬೇಕಾಗುವುದು ಇಂಥ ಕೆಲಸವೇ.

ವಾಪಸ್ ಬಂದ ಅರ್ಜಿಯನ್ನು ಎಸೆಯಬೇಡಿ. ಅದರಲ್ಲಿರುವ ಉದ್ದೇಶಗಳನ್ನು ಬರೆದು, ಒಂದನ್ನು ಇಟ್ಟುಕೊಂಡು ಉಳಿದವನ್ನು ಮುಂದಿನ ಅರ್ಜಿಗಳಿಗೆ ತೆಗೆದಿಡಿ. ವಿಮರ್ಶಕರ ಟಿಪ್ಪಣಿ ಪೂರ್ತಿ ಸಿಕ್ಕಿಲ್ಲದಿದ್ದರೆ ಕಾರ್ಯಕ್ರಮದ ಅಧಿಕಾರಿಗೆ ಪತ್ರ ಬರೆದು ಕೇಳಿ, ಅದರಲ್ಲಿ ಮುಜುಗರ ಏನಿಲ್ಲ. ಅದೇ ಕಡೆ ಮತ್ತೆ ಹಾಕಬಹುದಾ ಅನ್ನುವುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ. ಹಾಕಬಹುದು ಅಂದರೆ, ಮೊದಲ ಪುಟದಲ್ಲೇ ಹಿಂದಿನ ಟಿಪ್ಪಣಿಗೆ ಏನು ಬದಲಿಸಿದ್ದೀರಿ ಅಂತ ಎರಡು ಸಾಲು ಬರೆಯಿರಿ. ಅಷ್ಟರಲ್ಲಿ ಹಣ ಬೇಡದ ಕೆಲಸ ಶುರುಮಾಡಿ: ಹತ್ತು ಪೆಟ್ಟಿಗೆ ಆರಿಸಿಕೊಂಡು ಒಂದು ಋತು ಪೂರ್ತಿ ವಾರಕ್ಕೊಮ್ಮೆ ತೂಕ, ಮರಿ, ಪರಾಗದ ಸಂಗ್ರಹ ಬರೆದಿಡಿ. ಮುಂದಿನ ಅರ್ಜಿಯಲ್ಲಿ ಒಂದೇ ಒಂದು ಗ್ರಾಫ್ ಆಗಿ ಅದು ಬರಲಿ.